ಉದ್ಯಾನಕ್ಕಾಗಿ ವಿಚ್ಛೇದನ

ಗಂಡ-ಹೆಂಡತಿ ಬೇರೆಯಾದರೆಂದರೆ ನಡುವೆ ಜಗಳವಿತ್ತೆಂದೇ ಲೆಕ್ಕ. ಆದರೆ 1826ರಲ್ಲಿ ಪ್ರಶ್ಯದ ಪ್ರಿನ್ಸ್ ಹರ್ಮನ್ ಫಾನ್ ಪ್ಯೂಕ್ಲರ್-ಮುಸ್ಕಾವ್ ಮತ್ತು ಆತನ ಪತ್ನಿ ಲೂಸಿ ವಿಚ್ಛೇದನ ಪಡೆದದ್ದು ಸಾಲ ತೀರಿಸುವುದಕ್ಕಾಗಿ. ಸಲಹೆ ಕೊಟ್ಟವಳು ಲೂಸಿಯೇ.

ಪ್ಯೂಕ್ಲರ್ ಹುಟ್ಟಿದ್ದು 1785ರಲ್ಲಿ, ಮುಸ್ಕಾವ್‌ನಲ್ಲಿ. ಕಾನೂನು ವ್ಯಾಸಂಗವನ್ನು ಅರ್ಧಕ್ಕೇ ಬಿಟ್ಟು ಸ್ಯಾಕ್ಸನಿಯ ಅಶ್ವದಳ ಸೇರಿದ. ದುಂದುವೆಚ್ಚಕ್ಕೆ ಅಲ್ಲಿಯೇ ಹೆಸರಾದ. 1811ರಲ್ಲಿ ತಂದೆ ತೀರಿಕೊಂಡು, ನೈಸ್ಸೆ ನದಿಯ ಎರಡೂ ದಡಗಳಲ್ಲಿ ಹರಡಿದ್ದ ಜಹಗೀರು ಕೈಗೆ ಬಂತು. ನೆಪೋಲಿಯನ್ನನ ವಿರುದ್ಧ ರಷ್ಯದ ಸೇನೆಯಲ್ಲಿ ಸೇವೆ ಸಲ್ಲಿಸಿ ಮರಳಿದವನಿಗೆ ಉದ್ಯಾನದ ಹುಚ್ಚು ಹಿಡಿಯಿತು. ಅವನ ಮಟ್ಟಿಗೆ ಉದ್ಯಾನವೆಂದರೆ ಹೂವಿನ ಪಾತಿಗಳಲ್ಲ. ಊರು, ಕಾಡು, ಹೊಳೆ ಎಲ್ಲವನ್ನೂ ಒಂದೇ ಚಿತ್ರದಂತೆ ತಿದ್ದುವುದು.

1817ರಲ್ಲಿ ಆತ ಮದುವೆಯಾದ ಲೂಸಿ ಪ್ರಶ್ಯದ ಪ್ರಧಾನಿ ಹಾರ್ಡನ್‌ಬರ್ಗ್‌ನ ಮಗಳು. ಗಂಡನಿಗಿಂತ ಒಂಬತ್ತು ವರ್ಷ ದೊಡ್ಡವಳು. ಆಕೆಗಾಗಲೇ ಒಂದು ವಿಚ್ಛೇದನವಾಗಿತ್ತು. 1822ರಲ್ಲಿ ಗಂಡನಿಗೆ ಪ್ರಿನ್ಸ್ ಬಿರುದೇನೋ ಬಂತು, ಆಳಲು ರಾಜ್ಯವಿರಲಿಲ್ಲ. ಇಬ್ಬರ ಹಣವನ್ನೂ ಉದ್ಯಾನ ನುಂಗಿಹಾಕಿತು.

ಆಗ ಹೊಳೆದ ಉಪಾಯವೇ ವಿಚ್ಛೇದನ. ಪ್ರಿನ್ಸ್ ಇಂಗ್ಲೆಂಡಿಗೆ ಹೋಗಿ ಸಿರಿವಂತರ ಮನೆಯ ಹೆಣ್ಣನ್ನು ವರಿಸಬೇಕು, ಆ ಹಣದಿಂದ ಮುಸ್ಕಾವ್ ಉಳಿಯಬೇಕು! ಎರಡು ವರ್ಷಕ್ಕೂ ಮಿಕ್ಕಿ ಆತ ಅಲ್ಲಿ ಔತಣಕೂಟಗಳನ್ನು ಸುತ್ತಿದ. ಬಂದ ಉದ್ದೇಶ ಗುಟ್ಟಾಗಿ ಉಳಿಯಲಿಲ್ಲ. ಮಾಜಿ ಹೆಂಡತಿ ಇನ್ನೂ ಬದುಕಿರುವ ವರನಿಗೆ ಹೆಣ್ಣು ಕೊಡಲು ಯಾರೂ ಮುಂದಾಗಲಿಲ್ಲ. ಬರಿಗೈಯಲ್ಲಿ ಲೂಸಿಯ ಬಳಿಗೇ ಮರಳಿದ.

ಆದರೆ ವಧು ತರದ ಹಣವನ್ನು ಕಾಗದಗಳು ತಂದವು. ಇಂಗ್ಲೆಂಡಿನಲ್ಲಿ ಕಂಡದ್ದನ್ನೆಲ್ಲ ಆತ ಬಿಟ್ಟ ಹೆಂಡತಿಗೇ ಬರೆದು ಕಳಿಸುತ್ತಿದ್ದ. ಆ ಪತ್ರಗಳು 1830ರಲ್ಲಿ ಹೆಸರಿಲ್ಲದೆ ಪುಸ್ತಕವಾದಾಗ ಗಯಟೆಯಂಥವನೇ ಮೆಚ್ಚಿದ, ಮಾರಾಟವೂ ಭರ್ಜರಿಯಾಯಿತು.

ಲೂಸಿಯ ಸಹನೆಗೂ ಒಂದು ಮಿತಿಯಿತ್ತು. ಪೂರ್ವದೇಶಗಳ ಪ್ರವಾಸದಲ್ಲಿ, 1837ರಲ್ಲಿ, ಪ್ಯೂಕ್ಲರ್ ಇಥಿಯೋಪಿಯದ ಬಾಲಕಿಯೊಬ್ಬಳನ್ನು ಗುಲಾಮಳಾಗಿ ಕೊಂಡ. ಆಕೆಯನ್ನು ಕರೆದದ್ದು ಮಹಬೂಬಾ, ಎಂದರೆ ಪ್ರಿಯೆ, ಎಂದು. ಇದನ್ನು ಪ್ರಣಯಕಥೆಯಾಗಿ ಹೇಳಿದವರುಂಟು. ಹಣ ಕೊಟ್ಟು ಕೊಂಡ ಮಗುವಿನ ಕಥೆಗೆ ಆ ಹೆಸರು ಸಲ್ಲದು. ಲೂಸಿ ಆಕೆಯನ್ನು ಒಪ್ಪಲಿಲ್ಲ. 1840ರ ಅಕ್ಟೋಬರಿನಲ್ಲಿ ಮುಸ್ಕಾವ್‌ನಲ್ಲಿ ಆ ಹುಡುಗಿ ತೀರಿಕೊಂಡಾಗ ಪ್ರಿನ್ಸ್ ಹತ್ತಿರವಿರಲಿಲ್ಲ.

ಇಷ್ಟೆಲ್ಲದರ ನಂತರವೂ 1845ರಲ್ಲಿ ಮುಸ್ಕಾವನ್ನು ಮಾರಬೇಕಾಯಿತು. ಎರಡನೆಯ ಮಹಾಯುದ್ಧದ ಬಳಿಕ ನೈಸ್ಸೆ ನದಿಯೇ ಗಡಿಯಾಗಿ, ಆ ಉದ್ಯಾನ ಜರ್ಮನಿ-ಪೋಲೆಂಡ್‌ಗಳ ನಡುವೆ ಹಂಚಿಹೋಯಿತು. 2004ರಲ್ಲಿ ಎರಡೂ ಭಾಗಗಳು ಒಟ್ಟಾಗಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿ ಸೇರಿದವು.

ಮುಸ್ಕಾವ್ ಕೈಬಿಟ್ಟ ಮೇಲೆ ಪ್ಯೂಕ್ಲರ್ ಬ್ರಾನಿಟ್ಸ್‌ನಲ್ಲಿ ಮತ್ತೊಂದು ಉದ್ಯಾನ ಆರಂಭಿಸಿದ. ಲೂಸಿ ಕಣ್ಣು ಮುಚ್ಚಿದ್ದೂ ಅಲ್ಲೇ, 1854ರಲ್ಲಿ. 1871ರಲ್ಲಿ ಆತ ಸತ್ತಾಗ, ಕೆರೆಯ ನಡುವೆ ತಾನೇ ಕಟ್ಟಿಸಿದ್ದ ಮಣ್ಣಿನ ಪಿರಮಿಡ್ಡಿನಲ್ಲಿ ಹೂಳಿದರು. 1884ರಲ್ಲಿ ಲೂಸಿಯ ಅವಶೇಷಗಳನ್ನೂ ಅಲ್ಲಿಗೆ ತಂದಿಟ್ಟರು. ಕಾನೂನಿನ ಪ್ರಕಾರ ಅವರಿಬ್ಬರೂ ಗಂಡ-ಹೆಂಡತಿಯಾಗಿದ್ದುದು ಒಂಬತ್ತು ವರ್ಷ ಮಾತ್ರ.