ಸಿಂಹಳದ ಅಶಾಂತಿಯೂ ಪುಣೆಯ ದಕ್ಷಿಣ ಕಮಾಂಡೂ

ಭಾರತೀಯ ಭೂಸೇನೆಯ ದಕ್ಷಿಣ ಕಮಾಂಡಿನ ಕೇಂದ್ರಸ್ಥಾನ ಪುಣೆ. 1987ರಲ್ಲಿ ಸಮುದ್ರದಾಚೆಯ ದ್ವೀಪವೊಂದರಲ್ಲಿ ಶಾಂತಿಯನ್ನು ಕಾಯುವ ಹೊಣೆ ಈ ಕಮಾಂಡಿನ ಮೇಲೆ ಬಿದ್ದಿತು. ಆ ಹೊಣೆ ಏಕೆ ಬಂದಿತು, ಅದರ ಫಲವೇನಾಯಿತು ಎಂಬುದು ವಿಚಾರಾರ್ಹವಾದ ವಿಷಯ.

ಸಿಂಹಳವು 1948ರ ಫೆಬ್ರವರಿ 4ರಂದು ಸ್ವತಂತ್ರವಾದಾಗ ಅಲ್ಲಿ ರಕ್ತಪಾತವಿರಲಿಲ್ಲ. ಚಹಾ, ರಬ್ಬರುಗಳ ರಫ್ತಿನಿಂದ ಬೊಕ್ಕಸಕ್ಕೆ ಆದಾಯವಿದ್ದಿತು. ಆದರೆ ಅದೇ ವರ್ಷದ ಪೌರತ್ವ ಶಾಸನವು ಆ ಚಹಾ ತೋಟಗಳಲ್ಲಿ ದುಡಿಯುತ್ತಿದ್ದ ಭಾರತ ಮೂಲದ ತಮಿಳರಲ್ಲಿ ಬಹುಮಂದಿಯನ್ನು ನಾಡಿಲ್ಲದವರನ್ನಾಗಿ ಮಾಡಿತು. 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದಲ್ಲಿ 5,25,000 ಜನರನ್ನು ಭಾರತವೂ 3,00,000 ಜನರನ್ನು ಸಿಂಹಳವೂ ಸ್ವೀಕರಿಸುವುದೆಂದು ನಿಶ್ಚಯವಾಯಿತು. ಆ ಮಾತುಕತೆಯಲ್ಲಿ ಮನುಷ್ಯರು ಲೆಕ್ಕದ ಪುಸ್ತಕದ ಬಾಕಿಯಂತೆ ಹಂಚಲ್ಪಟ್ಟರು.

ಎರಡನೆಯ ಬಿರುಕು ಭಾಷೆಯದು. 1956ರ ಶಾಸನವು ಸಿಂಹಳ ಭಾಷೆಯೊಂದನ್ನೇ ರಾಜಭಾಷೆಯನ್ನಾಗಿಸಿತು. ಸರ್ಕಾರಿ ನೌಕರಿಯನ್ನೇ ನಂಬಿದ್ದ ಯಾಳ್ಪಾಣದ ತಮಿಳು ವಿದ್ಯಾವಂತರಿಗೆ ಇದು ಅನ್ನದ ಪ್ರಶ್ನೆಯಾಯಿತು. ಪ್ರಧಾನಿ ಬಂಡಾರನಾಯಕೆಯವರು 1957ರಲ್ಲಿ ತಮಿಳು ನಾಯಕ ಚೆಲ್ವನಾಯಕಂ ಅವರೊಡನೆ ಒಪ್ಪಂದ ಮಾಡಿಕೊಂಡರಾದರೂ ವಿರೋಧಕ್ಕೆ ಮಣಿದು ಮರುವರ್ಷವೇ ಅದನ್ನು ಕೈಬಿಟ್ಟರು. 1959ರಲ್ಲಿ ಅವರನ್ನೇ ಒಬ್ಬ ಭಿಕ್ಷುವು ಗುಂಡಿಕ್ಕಿ ಕೊಂದನು. ಅಶಾಂತಿ ತಮಿಳರಿಗೆ ಮಾತ್ರ ಸೀಮಿತವಾಗಿರಲಿಲ್ಲವೆಂಬುದನ್ನು ಸಿಂಹಳೀಯ ತರುಣರ 1971ರ ಸಶಸ್ತ್ರ ದಂಗೆ ತೋರಿಸಿತು. 1981ರಲ್ಲಿ ಯಾಳ್ಪಾಣದ ಗ್ರಂಥಾಲಯ ಸುಟ್ಟುಹೋಯಿತು. 1983ರ ಜುಲೈ ತಿಂಗಳ ಹತ್ಯಾಕಾಂಡದ ತರುವಾಯ ಒಳಗಲಭೆ ಯುದ್ಧವಾಗಿ ಮಾರ್ಪಟ್ಟಿತು.

1987ರ ಜೂನ್ 4ರಂದು ಬೆಂಗಳೂರಿನಿಂದ ಹೊರಟ ಭಾರತೀಯ ವಿಮಾನಗಳು ಮುತ್ತಿಗೆಗೊಳಗಾಗಿದ್ದ ಯಾಳ್ಪಾಣ ಪ್ರದೇಶದ ಮೇಲೆ ಆಹಾರ ಸಾಮಗ್ರಿಯನ್ನು ಇಳಿಬಿಟ್ಟವು. ಜುಲೈ 29ರಂದು ರಾಜೀವ್ ಗಾಂಧಿ ಮತ್ತು ಅಧ್ಯಕ್ಷ ಜಯವರ್ಧನೆಯವರು ಕೊಲಂಬೊದಲ್ಲಿ ಒಪ್ಪಂದಕ್ಕೆ ಸಹಿಮಾಡಿದರು. ಮರುದಿನವೇ ಗೌರವರಕ್ಷೆಯಲ್ಲಿ ನಿಂತಿದ್ದ ನಾವಿಕನೊಬ್ಬನು ರಾಜೀವರ ಮೇಲೆ ಬಂದೂಕಿನ ಹಿಡಿಯಿಂದ ಹೊಡೆದುದು ಮುಂದಿನ ಅನರ್ಥಗಳ ಸೂಚನೆಯಂತಿದ್ದಿತು.

ದಕ್ಷಿಣ ಕಮಾಂಡಿನ ಮುಖ್ಯಸ್ಥರಾಗಿದ್ದ ಲೆಫ್ಟಿನೆಂಟ್ ಜನರಲ್ ದೀಪಿಂದರ್ ಸಿಂಗರ ಒಟ್ಟು ಆಧಿಪತ್ಯದಲ್ಲಿ ಶಾಂತಿಪಾಲನಾ ಪಡೆಯು ದ್ವೀಪಕ್ಕೆ ತೆರಳಿತು. ಆಯುಧಗಳನ್ನು ಒಪ್ಪಿಸಿಕೊಳ್ಳಲು ಹೋದ ಸೈನ್ಯವು ಅಕ್ಟೋಬರ್ ತಿಂಗಳಲ್ಲಿ ಎಲ್.ಟಿ.ಟಿ.ಇ. ಸಂಘಟನೆಯೊಡನೆಯೇ ಯುದ್ಧಕ್ಕಿಳಿಯಬೇಕಾಯಿತು. ಯಾಳ್ಪಾಣದ ವಿಶ್ವವಿದ್ಯಾನಿಲಯದ ಆವರಣದಲ್ಲಿ ಹೆಲಿಕಾಪ್ಟರಿನಿಂದ ಇಳಿದ ಸಿಖ್ ಲೈಟ್ ಇನ್ಫೆಂಟ್ರಿಯ 30 ಯೋಧರಲ್ಲಿ ಬದುಕಿ ಉಳಿದವನು ಒಬ್ಬನೇ. ಮುಂಬಯಿಯಲ್ಲಿ ಜನಿಸಿದ, ಮಹಾರ್ ರೆಜಿಮೆಂಟಿನ ಮೇಜರ್ ರಾಮಸ್ವಾಮಿ ಪರಮೇಶ್ವರನ್ ನವೆಂಬರ್ 25ರಂದು ವೀರಮರಣ ಹೊಂದಿದರು. ಅವರಿಗೆ ಮರಣೋತ್ತರವಾಗಿ ಪರಮವೀರಚಕ್ರ ಸಂದಿತು. ಇತ್ತ ದಕ್ಷಿಣದಲ್ಲಿ ಸಿಂಹಳೀಯ ತರುಣರು ಪರಕೀಯ ಸೈನ್ಯದ ಹೆಸರು ಹೇಳಿ ಮತ್ತೆ ದಂಗೆಯೆದ್ದರು. ಹೀಗೆ ಎರಡು ಪಕ್ಷಗಳಿಗೂ ಬೇಡವಾದ ಪಡೆಯು, ಸುಮಾರು 1,200 ಯೋಧರನ್ನು ಕಳೆದುಕೊಂಡು, 1990ರ ಮಾರ್ಚ್ ತಿಂಗಳಲ್ಲಿ ಹಿಂತಿರುಗಿತು. 1991ರ ಮೇ 21ರಂದು ರಾಜೀವರ ಹತ್ಯೆಯಾಯಿತು. ಆ ಸಂಚಿನ ಮುಖ್ಯ ಆರೋಪಿಗಳು ಆಗಸ್ಟಿನಲ್ಲಿ ಬೆಂಗಳೂರಿನ ಕೋಣನಕುಂಟೆಯಲ್ಲಿ ಪೊಲೀಸರ ಮುತ್ತಿಗೆಗೆ ಸಿಲುಕಿ ಸತ್ತರು. ದ್ವೀಪದ ಕಿಚ್ಚು ಕನ್ನಡ ನಾಡಿನ ಹೊಸ್ತಿಲನ್ನೂ ಮುಟ್ಟಿತು.

ಯುದ್ಧವು 2009ರ ಮೇ ತಿಂಗಳಲ್ಲಿ ಕೊನೆಗೊಂಡರೂ ಸ್ಥೈರ್ಯವು ಮರಳಲಿಲ್ಲ. ವಿದೇಶೀ ವಿನಿಮಯ ಬರಿದಾಗಿ 2022ರ ಏಪ್ರಿಲಿನಲ್ಲಿ ಸರ್ಕಾರವು ಹೊರಸಾಲದ ಮರುಪಾವತಿಯನ್ನು ನಿಲ್ಲಿಸಿತು. ಜುಲೈನಲ್ಲಿ ಅಧ್ಯಕ್ಷ ಗೋಟಬಯ ರಾಜಪಕ್ಸೆಯವರು ದೇಶಬಿಟ್ಟು ಓಡಿದರು. ಅಂದು ಬೀದಿಗಿಳಿದವರು ತಮ್ಮದೇ ಬಹುಸಂಖ್ಯಾತ ಪ್ರಜೆಗಳು, ಕೇಳಿದುದು ಇಂಧನ ಮತ್ತು ಔಷಧ.

ಈ ಚರಿತ್ರೆಯಲ್ಲಿ ಒಂದು ಸಂಗತಿ ಮನನೀಯ. ತಮಿಳಿಗೆ ರಾಜಭಾಷೆಯ ಸ್ಥಾನವನ್ನು ಸಿಂಹಳದ ಸಂವಿಧಾನವು ಕಡೆಗೂ ಕೊಟ್ಟಿತು. ಆದರೆ ಕೊಟ್ಟುದು 1987ರ ತಿದ್ದುಪಡಿಯಲ್ಲಿ. 1956ರಲ್ಲಿ ಒಂದು ವಾಕ್ಯದಿಂದ ಆಗಬಹುದಾಗಿದ್ದ ಕೆಲಸಕ್ಕೆ ಮೂವತ್ತೊಂದು ವರ್ಷ ಹಿಡಿಯಿತು. ಅಷ್ಟರಲ್ಲಿ ಆ ವಾಕ್ಯವನ್ನು ನಂಬುವವರೇ ಇಲ್ಲವಾಗಿದ್ದರು. ರಾಷ್ಟ್ರದ ರಕ್ಷಣೆ ಸೈನ್ಯದಿಂದ ಆರಂಭವಾಗುವುದಿಲ್ಲ, ಅಲ್ಪಸಂಖ್ಯಾತರ ನುಡಿಗೂ ಅನ್ನಕ್ಕೂ ಸಕಾಲದಲ್ಲಿ ದೊರೆಯುವ ಭರವಸೆಯಿಂದ ಆರಂಭವಾಗುತ್ತದೆ. ಅನ್ಯಭಾಷೆಯ ನೆರೆಯಲ್ಲಿ ತಲೆಮಾರುಗಳಿಂದ ಬಾಳುತ್ತಿರುವ ಪುಣೆಯ ಕನ್ನಡಿಗರಿಗೆ ಈ ಮಾತಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.