ವನಸ್ಪತಿ ತುಪ್ಪವೂ ಸ್ನಾಯುಗಳ ಇಂಧನವೂ

ಮೈಸೂರಿನಿಂದ ನಂಜನಗೂಡಿಗೆ ಹೋಗುವ ಹಾದಿಯ ಕಡಕೊಳವೂ ಸೇರಿದಂತೆ ಹಳೆಯ ಮೈಸೂರು ಸೀಮೆಯ ಊರುಗಳಲ್ಲಿ ಅಡುಗೆಗೆ ಬಳಕೆಯಾಗುತ್ತಿದ್ದವು ಗಾಣದ ಹುಚ್ಚೆಳ್ಳೆಣ್ಣೆ, ಎಳ್ಳೆಣ್ಣೆ ಮತ್ತು ಕಡಲೆಕಾಯಿ ಎಣ್ಣೆ. ಹಬ್ಬಹರಿದಿನಗಳಿಗೆ ಬೆಣ್ಣೆ ಕಾಯಿಸಿದ ತುಪ್ಪ. ಈ ಸಾಲಿಗೆ ಡಬ್ಬಿಯ ವನಸ್ಪತಿ ಸೇರಿದ್ದು ತೀರ ಈಚೆಗೆ. ಜರ್ಮನಿಯ ವಿಲ್ಹೆಲ್ಮ್ ನಾರ್ಮನ್ 1902ರಲ್ಲಿ ದ್ರವ ಎಣ್ಣೆಗೆ ಜಲಜನಕ ಹಾಯಿಸಿ ಗಟ್ಟಿಗೊಳಿಸುವ ವಿಧಾನಕ್ಕೆ ಪೇಟೆಂಟ್ ಪಡೆದನು. 1937ರಲ್ಲಿ ಭಾರತದ ಪೇಟೆಗೆ ಡಾಲ್ಡಾ ಬಂದಿತು. ತುಪ್ಪಕ್ಕಿಂತ ಅಗ್ಗ, ಬೇಗ ಕೆಡದು. ಛತ್ರದ ಅಡುಗೆಮನೆಗೂ ಮಿಠಾಯಿ ಅಂಗಡಿಗೂ ಅಷ್ಟೇ ಸಾಕಾಯಿತು.

ತುಪ್ಪಕ್ಕೆ ವನಸ್ಪತಿ ಬೆರೆಸುವ ವರ್ತಕರು ಹುಟ್ಟಿಕೊಳ್ಳಲು ತಡವಾಗಲಿಲ್ಲ. ಅದನ್ನು ಪತ್ತೆಹಚ್ಚಲೆಂದೇ ವನಸ್ಪತಿಯಲ್ಲಿ ಶೇಕಡ 5ರಷ್ಟು ಎಳ್ಳೆಣ್ಣೆ ಇರಬೇಕೆಂಬ ನಿಯಮವಾಯಿತು: ಆಮ್ಲವನ್ನೂ ಸಕ್ಕರೆಯನ್ನೂ ಸೇರಿಸಿ ಅಲುಗಿಸಿದರೆ ಎಳ್ಳೆಣ್ಣೆಯಿದ್ದ ತುಪ್ಪ ಕೆಂಪಿಗೆ ತಿರುಗುತ್ತದೆ. 1983ರಲ್ಲಿ ಇನ್ನೂ ದೊಡ್ಡ ಆಘಾತ ಕಾದಿತ್ತು. ಆಮದಾದ ದನದ ಕೊಬ್ಬು ವನಸ್ಪತಿಯೊಳಗೆ ಸೇರಿದೆಯೆಂಬ ಸಂಗತಿ ಬಯಲಾಗಿ ದೇಶವೇ ತಲ್ಲಣಿಸಿತು; ಕೊಬ್ಬಿನ ಆಮದನ್ನು ಸರ್ಕಾರ ನಿಷೇಧಿಸಿತು. ಅಹಿಂಸಾಣುವ್ರತವನ್ನು ಪಾಲಿಸುವ ಮನೆಗಳಿಗೆ ಇದು ಕೇವಲ ಕಲಬೆರಕೆಯ ಪ್ರಶ್ನೆಯಾಗಿರಲಿಲ್ಲ. ಆದರೆ ಅಂದಿನ ವಿಚಾರಣೆಯೆಲ್ಲ ಕೊಬ್ಬು ಎಲ್ಲಿಂದ ಬಂತೆಂಬುದರಲ್ಲೇ ನಿಂತುಬಿಟ್ಟಿತು. ಅಪ್ಪಟ ಸಸ್ಯಮೂಲದ ವನಸ್ಪತಿಯಾದರೂ ದೇಹದೊಳಗೆ ಏನು ಮಾಡುತ್ತದೆಂದು ಕೇಳಿದವರು ವಿರಳ.

ಉತ್ತರದ ಒಂದು ಭಾಗ 1990ರಲ್ಲಿ ನೆದರ್‌ಲೆಂಡ್ಸ್‌ನಿಂದ ಬಂದಿತು. ಅರೆಬರೆ ಜಲಜನಕ ಸೇರಿದಾಗ ಹುಟ್ಟುವ ಟ್ರಾನ್ಸ್ ಕೊಬ್ಬು ರಕ್ತದಲ್ಲಿ ಕೆಟ್ಟ ಕೊಲೆಸ್ಟರಾಲನ್ನು ಹೆಚ್ಚಿಸಿ ಒಳ್ಳೆಯದನ್ನು ತಗ್ಗಿಸುತ್ತದೆಂದು ಮೆನ್ಸಿಂಕ್ ಮತ್ತು ಕಾಟನ್ ತೋರಿಸಿದರು. ಭಾರತದಲ್ಲಿ ಎಣ್ಣೆ-ಕೊಬ್ಬುಗಳಲ್ಲಿ ಅದರ ಮಿತಿ ಶೇಕಡ 2ಕ್ಕೆ ಇಳಿದದ್ದು 2022ರಲ್ಲಿ.

ಇನ್ನೊಂದು ಭಾಗ ಸ್ನಾಯುಗಳದು. ವಿಶ್ರಾಂತಿಯಲ್ಲೂ ಮೆಲ್ಲನೆಯ ನಡಿಗೆಯಲ್ಲೂ ಉಪವಾಸದಲ್ಲೂ ಸ್ನಾಯುಗಳು ಹೆಚ್ಚಾಗಿ ಉರಿಸುವುದು ಕೊಬ್ಬನ್ನು. ಭಾರ ಎತ್ತುವಾಗ, ಓಡುವಾಗ ಸಕ್ಕರೆಯನ್ನು. ಇವೆರಡೂ ಪೈಪೋಟಿ ನಡೆಸುತ್ತವೆಂದೂ ಕೊಬ್ಬಿನ ಉರಿ ಹೆಚ್ಚಿದಲ್ಲಿ ಸಕ್ಕರೆಯ ಬಳಕೆ ತಗ್ಗುತ್ತದೆಂದೂ 1963ರಲ್ಲಿ ಫಿಲಿಪ್ ರ‍್ಯಾಂಡಲ್ ಮತ್ತು ಸಂಗಡಿಗರು ವಿವರಿಸಿದರು. ಮುಂದಿನ ಸಂಶೋಧನೆಗಳು ಕೊಬ್ಬುಕೊಬ್ಬಿಗೂ ಭೇದವಿದೆಯೆಂದು ಕಂಡವು. ತಾಳೆಯೆಣ್ಣೆ, ತುಪ್ಪಗಳಲ್ಲಿ ಹೇರಳವಾಗಿರುವ ಪಾಮಿಟಿಕ್ ಆಮ್ಲ ಮಿತಿಮೀರಿದರೆ ಸ್ನಾಯುಕೋಶದಲ್ಲಿ ಸೆರಮೈಡ್ ಮೊದಲಾದ ವಸ್ತುಗಳು ಕೂಡಿಕೊಂಡು ಇನ್ಸುಲಿನ್ನಿನ ಮಾತು ಕೋಶಕ್ಕೆ ಸರಿಯಾಗಿ ಕೇಳಿಸದಂತಾಗುತ್ತದೆ. ಕಡಲೆಕಾಯಿ ಎಣ್ಣೆಯಲ್ಲಿ ಹೆಚ್ಚಾಗಿರುವ ಓಲಿಯಿಕ್ ಆಮ್ಲ ಜೊತೆಗಿದ್ದರೆ ಅದೇ ಪಾಮಿಟಿಕ್ ನಿರುಪದ್ರವಿಯಾದ ಶೇಖರಣೆಯಾಗಿ ಕೂರುತ್ತದೆ. ಇದು ಮುಖ್ಯವಾಗಿ ಪ್ರಯೋಗಾಲಯದ ಕೋಶಗಳಲ್ಲಿ ಕಂಡದ್ದು. ಊಟದ ಎಲೆಯ ಮುಂದೆ ಕುಳಿತ ಮನುಷ್ಯನಲ್ಲಿ ಲೆಕ್ಕ ಇಷ್ಟು ಸರಳವಲ್ಲ. ಒಂದು ಚಮಚ ತುಪ್ಪಕ್ಕೆ ಯಾರೂ ಹೆದರಬೇಕಿಲ್ಲ. ತುಪ್ಪ, ಎಣ್ಣೆಗಳನ್ನು ಆಗಾಗ ಬಿಡುವ ರಸಪರಿತ್ಯಾಗವನ್ನು ಹಿರಿಯರು ತಪಸ್ಸೆಂದು ಪಾಲಿಸಿದರೇ ಹೊರತು ಸ್ನಾಯುಗಳ ವಿಚಾರದಿಂದಲ್ಲ.

ಟ್ರಾನ್ಸ್ ಕೊಬ್ಬಿಗೆ ಕಡಿವಾಣ ಬಿದ್ದ ಮೇಲೆ ವನಸ್ಪತಿಗೂ ಬೇಕರಿಯ ಕೊಬ್ಬಿಗೂ ತಾಳೆಯೆಣ್ಣೆಯೇ ಮುಖ್ಯ ಆಧಾರ. ಅದರಲ್ಲಿ ಶೇಕಡ 40ಕ್ಕೂ ಹೆಚ್ಚು ಪಾಮಿಟಿಕ್ ಆಮ್ಲ. ಪರ್ವದ ದಿನ ಬಸದಿಯ ಅಡುಗೆಮನೆಗೆ ಬರುವ ಡಬ್ಬಿಯ ಮೇಲಿನ ಹಸಿರು ಗುರುತು ಸಸ್ಯಾಹಾರವೆಂಬುದನ್ನಷ್ಟೇ ಹೇಳುತ್ತದೆ. ಈ ವಿವರಕ್ಕೆ ಹಿಂಬದಿಯ ಸಣ್ಣಕ್ಷರಗಳನ್ನು ಓದಬೇಕಾಗುತ್ತದೆ.