ಹದಿನಾರೋ ಇಪ್ಪತ್ತೆರಡೋ: ಪೆನ್‌ಡ್ರೈವಿನ ಅಗೋಚರ ಫೋಲ್ಡರುಗಳ ಮೂಲವಿಚಾರ

ಬಳಸುವವನ ಅಪ್ಪಣೆಯಿಲ್ಲದೆ ಪೆನ್‌ಡ್ರೈವಿನಲ್ಲಿ ಮೂಡಿ, ಅವನ ಕಣ್ಣಿಗೆ ಬೀಳದಂತೆ ಉಳಿಯುವ ಫೋಲ್ಡರುಗಳ ವಂಶಾವಳಿಯನ್ನು ನಿರ್ಣಯಿಸಹೊರಟ ನನ್ನ ಪೂರ್ವಸೂರಿಗಳೊಬ್ಬರು, ಮರೆಮಾಡುವ ಪದ್ಧತಿಯೆಲ್ಲವೂ ಯುನಿಕ್ಸಿನಲ್ಲಿ ಹೆಸರಿನ ಮೊದಲಿಗೆ ಬರುವ ಚುಕ್ಕೆಯಿಂದಲೇ ಹುಟ್ಟಿತೆಂದೂ, ವಿಂಡೋಸ್ ನಿರ್ಮಿಸುವ ‘ಸಿಸ್ಟಮ್ ವಾಲ್ಯೂಮ್ ಇನ್ಫರ್ಮೇಶನ್’ ಕಾಣದಿರುವುದಕ್ಕೆ ಅದರ ಹೆಸರೇ ಕಾರಣವೆಂದೂ, ಡ್ರೈವಿನ ಮೇಲೆ ಮರೆಯ ಗುರುತಾವುದೂ ಲಿಖಿತವಾಗಿಲ್ಲವೆಂದೂ ಪ್ರತಿಪಾದಿಸಿರುವರು. ಅವರ ಪರಿಶ್ರಮದಲ್ಲಿ ನನಗೆ ಗೌರವವುಂಟು. ಪರರ ಮಾತನ್ನು ನೆಚ್ಚದೆ ಡ್ರೈವನ್ನೇ ತೆರೆದು ನೋಡಿದವರು ಅವರು. ಆದರೆ ಈ ಸಿದ್ಧಾಂತಸೌಧವೆಲ್ಲವೂ ಒಂದೇ ಅಂಕಿಯ ಪಾಠವನ್ನು ಆಧರಿಸಿ ನಿಂತಿದೆ, ಆ ಪಾಠವೇ ಅಶುದ್ಧ.

ಫ್ಯಾಟ್ ಪದ್ಧತಿಯ ಡೈರೆಕ್ಟರಿಯಲ್ಲಿ ಪ್ರತಿಯೊಂದು ಫೈಲಿಗೂ ಫೋಲ್ಡರಿಗೂ 32 ಬೈಟುಗಳ ದಾಖಲೆಯಿರುವುದಷ್ಟೆ. ಹೆಸರಿಗೆ 8, ವಿಸ್ತರಣೆಗೆ 3 ಬೈಟುಗಳು ಸಂದ ಬಳಿಕ ಬರುವುದು ಲಕ್ಷಣಬೈಟು. ಅದರಲ್ಲಿ 2 ಎಂದರೆ ಹಿಡನ್, 4 ಎಂದರೆ ಸಿಸ್ಟಮ್, 16 ಎಂದರೆ ಫೋಲ್ಡರ್. ಪೂರ್ವಸೂರಿಗಳು ಹೆಕ್ಸ್ ಎಡಿಟರಿನಲ್ಲಿ ನೋಡಿದಾಗ ಆ ಸ್ಥಾನದಲ್ಲಿ ಕಂಡದ್ದು 16. ಕೇವಲ ಫೋಲ್ಡರಿನ ಬೆಲೆಯೇ ಅಲ್ಲಿರುವುದರಿಂದ ಹಿಡನ್ ಎಂಬ ಗುರುತು ಇಲ್ಲವೆಂದು ಅವರು ನಿಶ್ಚಯಿಸಿದರು. ಆದರೆ ಹೆಕ್ಸ್ ಎಡಿಟರು ತೋರುವ ಅಂಕಿಗಳು ದಶಮಾನದವಲ್ಲ, ಹದಿನಾರರ ಮಾನದವು. ಅಲ್ಲಿಯ 16 ಎಂದರೆ ಒಂದು ಹದಿನಾರು ಮತ್ತು ಆರು, ಅರ್ಥಾತ್ 22. ಇಪ್ಪತ್ತೆರಡನ್ನು ಬಿಡಿಸಿದರೆ 16, 4, 2 ಎಂಬ ಮೂರೂ ಹೊರಬರುವುವು. ಯಾವ ಗುರುತು ಇಲ್ಲವೆಂದು ಅವರು ಸಾರಿದರೋ ಅದು ಅವರ ಕಣ್ಣೆದುರಿನ ಅಂಕಿಯೊಳಗೇ ಇದ್ದಿತು.

ಗುರುತಿದ್ದರೂ ಮರೆಯಾಗುವುದು ಹೆಸರಿನಿಂದಲೇ ಏಕಾಗಬಾರದೆಂದು ಅವರ ಪಕ್ಷದವರು ಆಕ್ಷೇಪಿಸಬಹುದು. ಪರಿಹಾರ ಸುಲಭ. ಕಮಾಂಡ್ ಪ್ರಾಂಪ್ಟಿನಲ್ಲಿ ಆಟ್ರಿಬ್ ಆಜ್ಞೆಯಿಂದ ಹಿಡನ್, ಸಿಸ್ಟಮ್ ಎಂಬ ಎರಡು ಲಕ್ಷಣಗಳನ್ನು ಕಳೆದು ನೋಡಿರಿ: ಹೆಸರಿನ ಒಂದಕ್ಷರವೂ ವ್ಯತ್ಯಾಸವಾಗದೆ ಫೋಲ್ಡರು ಪ್ರತ್ಯಕ್ಷವಾಗುವುದು, ಹೆಕ್ಸ್ ಎಡಿಟರಿನಲ್ಲಿ 16 ಇದ್ದಲ್ಲಿ 10 ಎಂದು ತೋರುವುದು. ಇದನ್ನೂ ಹತ್ತೆಂದು ಓದತಕ್ಕದ್ದಲ್ಲ. ಇದು ನಿಜವಾದ ಹದಿನಾರು. ಹಿಡನ್ ಒಂದನ್ನೇ ಕಳೆಯಹೋದರೆ, ಇದು ಸಿಸ್ಟಮ್ ಫೈಲೆಂದು ಹೇಳಿ ಆಟ್ರಿಬ್ ನಿರಾಕರಿಸುವುದು. ಎರಡನ್ನೂ ಒಂದೇ ಆಜ್ಞೆಯಲ್ಲಿ ಕಳೆಯಬೇಕು. ಹೆಸರು ನೋಡಿ ಮರೆಮಾಡುವ ವ್ಯವಸ್ಥೆಯಲ್ಲಿ ಈ ಜೋಡಿಬಂಧಕ್ಕೆ ಅರ್ಥವೇ ಇರಲಾರದು.

ಈ ಜೋಡಿಯ ಪ್ರಾಚೀನತೆಯನ್ನಾದರೂ ಅವರು ಗಮನಿಸಬೇಕಾಗಿತ್ತು. 1981ರಲ್ಲಿ ಐಬಿಎಂ ಪಿಸಿಯೊಡನೆ ಬಂದ ಡಾಸ್‌ನ ಮೊದಲ ಆವೃತ್ತಿಯಲ್ಲಿ ಲಕ್ಷಣಬೈಟಿಗೆ ಇದ್ದ ಬೆಲೆಗಳು 2 ಮತ್ತು 4 ಮಾತ್ರ. ಫೋಲ್ಡರೆಂಬುದೇ ಆಗ ಇರಲಿಲ್ಲ. ಫೋಲ್ಡರಿನ 16, ಅಳಿಸಬಾರದೆಂಬ 1, ಡಿಸ್ಕಿನ ಹೆಸರಿಗಾದ 8, ಇವೆಲ್ಲ 1983ರ ಎರಡನೆಯ ಆವೃತ್ತಿಯೊಡನೆ ಸೇರಿದವು. ಎಂದಮೇಲೆ ಮರೆಯ ಗುರುತು ಫೋಲ್ಡರಿಗಿಂತಲೂ ಹಿರಿದು. ಐಬಿಎಂಬಯೋ, ಐಬಿಎಂಡಾಸ್ ಎಂಬ ಡಾಸ್‌ನ ಎರಡು ಫೈಲುಗಳು ಡೈರೆಕ್ಟರಿಯ ಮೊದಲೆರಡು ಸ್ಥಾನಗಳಲ್ಲಿದ್ದರೆ ಮಾತ್ರ ಯಂತ್ರ ಏಳುತ್ತಿತ್ತು. ಫ್ಲಾಪಿಯಲ್ಲಿದ್ದುದನ್ನೆಲ್ಲ ಅಳಿಸೆಂದು ಅವಸರದಲ್ಲಿ ಆಜ್ಞಾಪಿಸಿದರೂ ಅವು ಉಳಿಯಲೆಂದು ಸಾಮಾನ್ಯ ಶೋಧನೆಯಿಂದ ಅವನ್ನು ಹೊರಗಿರಿಸಲಾಯಿತು. ಹೀಗಾಗಿ ‘ಹಿಡನ್’ ಪದಕ್ಕೆ ಕನ್ನಡದಲ್ಲಿ ‘ಗುಪ್ತ’ ಎಂದು ಬರೆಯುವುದನ್ನು ನಾನು ಒಪ್ಪಲಾರೆ. ಅಲ್ಲಿ ರಹಸ್ಯವೇನೂ ಇಲ್ಲ, ಎಣಿಕೆಯಿಂದ ಬಿಡುಗಡೆಯಷ್ಟೇ ಇರುವುದು. 1995ರಲ್ಲಿ ವಿಂಡೋಸ್ ಉದ್ದ ಹೆಸರುಗಳನ್ನು ಅದೇ ಡೈರೆಕ್ಟರಿಯಲ್ಲಿ ತುಂಬಬೇಕಾದಾಗಲೂ ಆ ದಾಖಲೆಗಳಿಗೆ 1, 2, 4, 8 ಕೂಡಿದ 15ನ್ನು ಲಕ್ಷಣವಾಗಿ ಕೊಟ್ಟದ್ದು, ಹಳೆಯ ಪ್ರೋಗ್ರಾಮುಗಳು ಅವನ್ನು ನೋಡಿಯೂ ನೋಡದಂತೆ ದಾಟಿಹೋಗಲೆಂದೇ.

ಚುಕ್ಕೆಯ ಕಥೆ ಇದಕ್ಕೆ ತೀರ ಭಿನ್ನವಾದುದು. ಯುನಿಕ್ಸ್ ತಂಡದಲ್ಲಿದ್ದ ರಾಬ್ ಪೈಕ್ 2012ರಲ್ಲಿ ನಿರೂಪಿಸಿದಂತೆ, ಯುನಿಕ್ಸಿನ ಆದಿಕಾಲದಲ್ಲಿ ಒಂದು ಚುಕ್ಕೆ, ಎರಡು ಚುಕ್ಕೆ ಎಂಬ ನಮೂದುಗಳು ಪಟ್ಟಿಯಲ್ಲಿ ಬಾರದಿರಲೆಂದು ಪೂರ್ಣ ಹೆಸರನ್ನು ಹೋಲಿಸುವುದಕ್ಕೆ ಬದಲಾಗಿ ಮೊದಲ ಅಕ್ಷರವನ್ನು ಮಾತ್ರ ಪರೀಕ್ಷಿಸಿದ ಪರಿಣಾಮವಾಗಿ ಚುಕ್ಕೆಯಿಂದಾರಂಭವಾಗುವ ಎಲ್ಲ ಹೆಸರುಗಳೂ ಮರೆಯಾದುವು. ಚುಕ್ಕೆಯ ಮರೆ ಪ್ರಮಾದಜನ್ಯ; ಡಾಸ್‌ನ ಗುರುತು ಸಂಕಲ್ಪಜನ್ಯ. ಮ್ಯಾಕ್ ಯಂತ್ರವು ಪೆನ್‌ಡ್ರೈವಿನಲ್ಲಿ ಬಿಟ್ಟುಹೋಗುವ ‘.ಟ್ರಾಶಸ್’, ‘.ಸ್ಪಾಟ್‌ಲೈಟ್-ವಿ100’ ಮೊದಲಾದವು ಚುಕ್ಕೆಯ ವಂಶದವೆಂಬಲ್ಲಿ ಪೂರ್ವಸೂರಿಗಳ ಮತ ಗ್ರಾಹ್ಯವೇ. ಎರಡು ವಂಶಗಳು ಒಂದೇ ಡ್ರೈವಿನಲ್ಲಿ ಸಂಧಿಸಿದ ಮಾತ್ರಕ್ಕೆ ಅವುಗಳ ಮೂಲ ಒಂದಾಗುವುದಿಲ್ಲ.

ಈ ವಿವಾದ ಪಂಡಿತರ ಕೋಣೆಯಲ್ಲಿ ಮುಗಿಯತಕ್ಕದ್ದೆಂದು ಯಾರೂ ಎಣಿಸಬಾರದು. ಬಳಕೆದಾರನ ಫೋಲ್ಡರುಗಳಿಗೆ ಇದೇ 2 ಮತ್ತು 4ನ್ನು ಹಚ್ಚಿ, ಅವುಗಳ ಜಾಗದಲ್ಲಿ ಶಾರ್ಟ್‌ಕಟ್‌ಗಳನ್ನಿಡುವ ವೈರಸ್‌ಗಳು ಹಬ್ಬಿದಾಗ, ನಮ್ಮ ಜೆರಾಕ್ಸ್ ಅಂಗಡಿ, ಡಿಟಿಪಿ ಕೇಂದ್ರಗಳ ಹುಡುಗರು ಆಟ್ರಿಬ್‌ನ ಆ ಒಂದು ಸಾಲನ್ನು ಬಾಯಿಪಾಠ ಮಾಡಿಕೊಂಡು ಎಷ್ಟೋ ಜನರ ಕಡತಗಳನ್ನು ಮರಳಿ ತೋರಿಸಿಕೊಟ್ಟರು. ಡ್ರೈವಿಗೆಲ್ಲ ಅನ್ವಯಿಸಿದ ಆ ಸಾಲು ‘ಸಿಸ್ಟಮ್ ವಾಲ್ಯೂಮ್ ಇನ್ಫರ್ಮೇಶನ್’ನ ಗುರುತನ್ನೂ ಅಳಿಸಿ ಅದನ್ನು ಬಯಲಿಗೆಳೆಯಿತು, ಅದುವರೆಗೆ ಕಾಣದಿದ್ದುದು ಕಂಡೊಡನೆ ವೈರಸ್ಸಿನ ಶೇಷವೆಂದು ಬೆದರಿದವರು ಅನೇಕರು. ಒಳಗೆ ಹೊಕ್ಕು ನೋಡಿದರೆ ಸಾಮಾನ್ಯವಾಗಿ ಎರಡೇ ಫೈಲುಗಳು: ಒಂದು 12 ಬೈಟಿನದು, ‘ಇಂಡೆಕ್ಸರ್ ವಾಲ್ಯೂಮ್ ಗುಯಿಡ್’ ಎಂಬ ಇನ್ನೊಂದು 76 ಬೈಟಿನದು. ಈ ಎಪ್ಪತ್ತಾರರ ಲೆಕ್ಕವೂ ಸ್ಫುಟವಾಗಿದೆ: 32 ಅಂಕಾಕ್ಷರಗಳು, 4 ಅಡ್ಡಗೆರೆಗಳು, 2 ಆವರಣಚಿಹ್ನೆಗಳು, ಕೂಡಿ 38, ಯೂನಿಕೋಡಿನ ರೀತಿಯಲ್ಲಿ ಒಂದೊಂದಕ್ಕೆ ಎರಡು ಬೈಟು. ಆ ಡ್ರೈವನ್ನು ಗುರುತಿಸಲು ವಿಂಡೋಸ್ ಇಟ್ಟ ಸಂಖ್ಯೆ ಅದು. ಫೋಲ್ಡರನ್ನು ಅಳಿಸಿದರೆ ಹಾನಿಯಿಲ್ಲ; ಮತ್ತೆ ವಿಂಡೋಸ್ ಯಂತ್ರಕ್ಕೆ ಚುಚ್ಚಿದಾಗ ಅದೇ ಹೆಸರಿನ ಫೋಲ್ಡರು, ಲಕ್ಷಣಬೈಟಿನಲ್ಲಿ ಅದೇ ಇಪ್ಪತ್ತೆರಡನ್ನು ಹೊತ್ತು, ಮರಳಿ ಬರುವುದು.